ಮನೆ ಬೇಗ ಕ್ಲೀನ್ ಆಗಬೇಕೇ? ಮೊದಲು ನೆನೆಸಿ, ಆಮೇಲೆ ಉಜ್ಜಿ

ಮನೆ ಕ್ಲೀನ್ ಮಾಡಲು ಹೊರಟರೆ ರಜೆಯ ದಿನವೆಲ್ಲ ಅದಕ್ಕೇ ಹೋಗುತ್ತದೆ ಎಂಬ ಬೇಸರ ಬಹಳ ಜನರಿಗಿದೆ. ನಿಜ ಹೇಳಬೇಕೆಂದರೆ ಉಜ್ಜುವುದಕ್ಕೆ ಅಷ್ಟು ಹೊತ್ತು ಬೇಕಿಲ್ಲ. ಬಟ್ಟೆ ಎಲ್ಲಿದೆ, ಬ್ರಷ್ ಎಲ್ಲಿದೆ ಎಂದು ಹುಡುಕುವುದಕ್ಕೆ, ಒಂದು ರೂಮಿನಿಂದ ಇನ್ನೊಂದಕ್ಕೆ ಓಡಾಡುವುದಕ್ಕೆ, ಒಣಗಿ ಅಂಟಿಕೊಂಡ ಕಲೆಯ ಜೊತೆ ಗುದ್ದಾಡುವುದಕ್ಕೆ ಹೊತ್ತು ಹೋಗುತ್ತದೆ. ನೆಲ ಗುಡಿಸಿದ ಮೇಲೆ ಫ್ಯಾನ್ ನೆನಪಾಗುತ್ತದೆ. ಫ್ಯಾನ್ ಒರೆಸಿದರೆ ಮತ್ತೆ ನೆಲ ಗುಡಿಸಬೇಕು.

ಕೆಲಸದ ಕ್ರಮ ಸರಿಯಾದರೆ ಈ ದಂಡದ ಕೆಲಸವೆಲ್ಲ ತಪ್ಪುತ್ತದೆ. ನೆನೆಯಬೇಕಾದ್ದನ್ನು ಮೊದಲೇ ನೆನೆಯಲು ಬಿಡಿ. ಅದು ನೆನೆಯುವಷ್ಟರಲ್ಲಿ ಧೂಳು ಹೊಡೆಯುವಂಥ ಒಣ ಕೆಲಸ ಮುಗಿಸಿ. ಅದೂ ಮೇಲಿಂದ ಕೆಳಕ್ಕೆ. ಒದ್ದೆ ಕೆಲಸ ಆಮೇಲೆ. ನೆಲ ಕಟ್ಟಕಡೆಗೆ.

ಕೈಗೆ ಸಿಗುವಂತೆ ಇಟ್ಟುಕೊಳ್ಳಿ

ಒಂದು ಬಕೆಟ್ ತೆಗೆದುಕೊಳ್ಳಿ. ನಾಲ್ಕೈದು ಮೈಕ್ರೋಫೈಬರ್ ಬಟ್ಟೆ, ಒಂದು ಸ್ಕ್ರಬ್ಬರ್, ಗಟ್ಟಿ ಎಳೆಯ ಬ್ರಷ್, ಹಳೆಯ ಟೂತ್‌ಬ್ರಷ್, ಗ್ಲೌಸ್, ಕಸದ ಕವರ್, ಜೊತೆಗೆ ಒಂದು ಸ್ಪ್ರೇ ಬಾಟಲಿ ಅದರಲ್ಲಿರಲಿ. ಬಾಟಲಿಯಲ್ಲಿ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಕೆಲವೇ ಹನಿ ಬೆರೆಸಿಕೊಂಡರೆ ಮನೆಯ ಹೆಚ್ಚಿನ ಜಾಗಗಳಿಗೆ ಅಷ್ಟು ಸಾಕು. ಅಡುಗೆಮನೆಗೊಂದು, ಗಾಜಿಗೊಂದು, ಟೇಬಲ್ಲಿಗೊಂದು ಎಂದು ಬಾಟಲಿಗಳ ಸಾಲನ್ನೇ ಕೊಳ್ಳಬೇಕಿಲ್ಲ. ನೀವು ಹೋದಲ್ಲೆಲ್ಲ ಬಕೆಟ್ ನಿಮ್ಮ ಜೊತೆಗೇ ಬರಬೇಕು.

ಇನ್ನೊಂದು ಕೈಯಲ್ಲಿ ಖಾಲಿ ಬುಟ್ಟಿ ಇರಲಿ. ಸೋಫಾ ಮೇಲಿನ ಪುಸ್ತಕ, ಟೇಬಲ್ ಮೇಲಿನ ಚಾರ್ಜರ್, ಬಾಗಿಲ ಹಿಂದಿನ ಆಟದ ಸಾಮಾನು, ಹೀಗೆ ಜಾಗ ತಪ್ಪಿದ್ದೆಲ್ಲ ಬುಟ್ಟಿಗೆ ಹೋಗಲಿ. ಒಂದೊಂದನ್ನೂ ಅದರ ಜಾಗಕ್ಕೆ ಮುಟ್ಟಿಸಲು ಈಗ ಓಡಬೇಡಿ. ಎಲ್ಲ ಮುಗಿದ ಮೇಲೆ ಬುಟ್ಟಿ ಹಿಡಿದು ಒಂದೇ ಸುತ್ತು ಬಂದರೆ ಆಯಿತು. ಕಪಾಟು ಜೋಡಿಸುವುದು, ಹಳೇ ಕಾಗದ ವಿಂಗಡಿಸುವುದು ಇದರಲ್ಲಿ ಸೇರುವುದಿಲ್ಲ. ಅದಕ್ಕೆ ಬೇರೆ ದಿನ ಇಟ್ಟುಕೊಳ್ಳಿ. ಎರಡನ್ನೂ ಒಟ್ಟಿಗೆ ಹಚ್ಚಿಕೊಂಡರೆ ಸಂಜೆಯ ಹೊತ್ತಿಗೆ ಮನೆ ಮೊದಲಿಗಿಂತ ಜಾಸ್ತಿ ಹರಡಿಕೊಂಡಿರುತ್ತದೆ.

ಮೈಕ್ರೋಫೈಬರ್ ಬಟ್ಟೆಯನ್ನೇ ಹೇಳಲು ಕಾರಣ ಇದೆ. ಅದರ ಎಳೆ ನಮ್ಮ ಕೂದಲಿಗಿಂತ ಎಷ್ಟೋ ಪಾಲು ಸಣ್ಣ. ಆ ಸಣ್ಣ ಸಂದುಗಳಲ್ಲಿ ಧೂಳು ಸಿಕ್ಕಿಕೊಳ್ಳುತ್ತದೆ. ಮಾಮೂಲಿ ಬಟ್ಟೆಯಾದರೆ ಅರ್ಧ ಧೂಳನ್ನು ಅಲ್ಲಿಂದ ಇಲ್ಲಿಗೆ ಸರಿಸುತ್ತದೆ ಅಷ್ಟೇ. ಬಳಸುವಾಗ ಬಟ್ಟೆಯನ್ನು ಮುದ್ದೆ ಮಾಡಿ ಹಿಡಿಯಬೇಡಿ. ಅರ್ಧಕ್ಕೆ ಮಡಚಿ, ಮತ್ತೆ ಅರ್ಧಕ್ಕೆ ಮಡಚಿ. ಅಂಗೈ ಅಗಲದ ಮಡಿಕೆ ಸಿಗುತ್ತದೆ. ಒಂದು ಮುಖ ಕೊಳೆಯಾದರೆ ತಿರುಗಿಸಿ, ಅದೂ ಕೊಳೆಯಾದರೆ ಮಡಿಕೆ ಬಿಚ್ಚಿ ಒಳಗಿನ ಮುಖ ಹೊರಗೆ ತನ್ನಿ. ಒಂದೇ ಬಟ್ಟೆಯಲ್ಲಿ ಎಂಟು ಶುದ್ಧ ಮುಖ ಸಿಗುತ್ತವೆ. ಪ್ರತಿ ಐದು ನಿಮಿಷಕ್ಕೆ ನಲ್ಲಿಗೆ ಓಡುವುದು ಇದರಿಂದಲೇ ತಪ್ಪುತ್ತದೆ.

ಮೊದಲ ಹೆಜ್ಜೆ: ನೆನೆಯಲು ಬಿಡಿ

ಕಿಟಕಿ ತೆರೆಯಿರಿ. ಹಾಸಿಗೆಯ ಬೆಡ್‌ಶೀಟ್, ದಿಂಬಿನ ಕವರ್ ತೆಗೆದು ವಾಷಿಂಗ್ ಮೆಷಿನ್‌ಗೆ ಹಾಕಿ ಚಾಲೂ ಮಾಡಿ. ನೀವು ಬೇರೆ ಕೆಲಸದಲ್ಲಿರುವಾಗ ಅದರ ಪಾಡಿಗೆ ಅದು ತೊಳೆಯುತ್ತಿರಲಿ. ಮನೆಯಲ್ಲಿ ಯಾರಿಗಾದರೂ ಧೂಳಿನ ಅಲರ್ಜಿ ಇದ್ದರೆ, ಬಟ್ಟೆ ತಡೆದುಕೊಳ್ಳುವಂಥದ್ದಾದರೆ, 60 ಡಿಗ್ರಿ ಬಿಸಿಯಲ್ಲಿ ತೊಳೆಯಿರಿ. ಕಣ್ಣಿಗೆ ಕಾಣದ ಧೂಳುಹುಳುಗಳು ಆ ಬಿಸಿಗೆ ಸಾಯುತ್ತವೆ.

ಈಗ ನೇರ ಟಾಯ್ಲೆಟ್‌ಗೆ ಹೋಗಿ. ಕಮೋಡಿನ ಅಂಚಿನ ಕೆಳಗೆ ಸುತ್ತಲೂ ಕ್ಲೀನರ್ ಬಿಟ್ಟು ಹಾಗೇ ಬಿಡಿ. ಬಚ್ಚಲಿನ ಟೈಲ್ಸ್ ಮೇಲೆ ಸೋಪಿನ ನೀರು ಸ್ಪ್ರೇ ಮಾಡಿ. ಅಡುಗೆಮನೆಗೆ ಬಂದು ಸ್ಟವ್ ಮೇಲೆ, ಅದರ ಹಿಂದಿನ ಗೋಡೆಯ ಮೇಲೆ ಸ್ಪ್ರೇ ಮಾಡಿ. ಸ್ಟವ್ ತಣ್ಣಗಿರಬೇಕು. ಬರ್ನರ್ ಬಿಡಿಭಾಗಗಳನ್ನು ತೆಗೆದು ಬಿಸಿನೀರು, ಲಿಕ್ವಿಡ್ ಹಾಕಿ ಸಿಂಕ್‌ನಲ್ಲಿ ಮುಳುಗಿಸಿಡಿ. ಇಷ್ಟಕ್ಕೆಲ್ಲ ಹತ್ತು ನಿಮಿಷ ಸಾಕು. ಆದರೆ ಇಡೀ ದಿನದ ಶ್ರಮ ಉಳಿಸುವುದು ಈ ಹತ್ತು ನಿಮಿಷವೇ.

ಕೊಳೆಯಲ್ಲಿ ಮುಖ್ಯವಾಗಿ ಎರಡು ಜಾತಿ ಇದೆ. ಒಂದು ಜಿಡ್ಡು. ಸೋಪಿನ ಕಣದ ಒಂದು ತುದಿ ಎಣ್ಣೆಯನ್ನು ಹಿಡಿದುಕೊಳ್ಳುತ್ತದೆ, ಇನ್ನೊಂದು ತುದಿ ನೀರನ್ನು ಹಿಡಿದುಕೊಳ್ಳುತ್ತದೆ. ಜಿಡ್ಡು ಮೇಲೆದ್ದು ನೀರಿನ ಜೊತೆ ಹೋಗುವುದು ಹೀಗೆ. ಆದರೆ ಸೋಪು ಒಳಗಿಳಿಯಲು ಹೊತ್ತು ಬೇಕು. ಸ್ಪ್ರೇ ಮಾಡಿದ ತಕ್ಷಣ ಒರೆಸಿದರೆ ಆ ಕೆಲಸವನ್ನು ನಿಮ್ಮ ತೋಳೇ ಮಾಡಬೇಕಾಗುತ್ತದೆ.

ಇನ್ನೊಂದು ಗಡಸು ನೀರಿನ ಬಿಳಿ ಕಲೆ. ಇದು ಸುಣ್ಣದ ಜಾತಿ, ಹೆಚ್ಚಾಗಿ ಕ್ಯಾಲ್ಸಿಯಂ ಕಾರ್ಬೊನೇಟ್. ಸೋಪಿಗೆ ಇದು ಜಗ್ಗುವುದಿಲ್ಲ, ಹುಳಿ ಬೇಕು. ಬಚ್ಚಲಿನ ನಲ್ಲಿಯ ಬುಡ ನೋಡಿ. ಗೋಡೆಗೆ ಸೇರುವ ಜಾಗದಲ್ಲಿ ಬಿಳಿ ಪದರ ಕಲ್ಲಿನ ಹಾಗೆ ಕೂತಿರುತ್ತದೆ. ಸ್ಟೀಲ್ ಸ್ಕ್ರಬ್ಬರ್ ಹಿಡಿದು ಉಜ್ಜಿದರೆ ಪದರಕ್ಕಿಂತ ಮೊದಲು ನಲ್ಲಿಯ ಹೊಳಪು ಹೋಗುತ್ತದೆ. ಅದರ ಬದಲು ಹಳೇ ಬಟ್ಟೆಯ ತುಂಡನ್ನು ಬಿಳಿ ವಿನೆಗರ್‌ನಲ್ಲಿ ಅದ್ದಿ, ಬುಡಕ್ಕೆ ಬಿಗಿಯಾಗಿ ಸುತ್ತಿ, ಅರ್ಧ ಗಂಟೆ ಬಿಡಿ. ಸಿಟ್ರಿಕ್ ಆಸಿಡ್ ಪುಡಿ ಕದಡಿದ ನೀರೂ ಆಗುತ್ತದೆ. ಬಟ್ಟೆ ಬಿಚ್ಚಿದಾಗ ಪದರ ಮೆತ್ತಗಾಗಿರುತ್ತದೆ. ಟೂತ್‌ಬ್ರಷ್‌ನಿಂದ ನಾಲ್ಕು ಸಲ ಎಳೆದರೆ ಬಿಳಿ ಕೆಸರಾಗಿ ಇಳಿಯುತ್ತದೆ. ಆಮೇಲೆ ನೀರು ಹಾಕಿ ಚೆನ್ನಾಗಿ ತೊಳೆಯಿರಿ. ಪದರ ದಪ್ಪಗಿದ್ದರೆ ಇನ್ನೊಂದು ಸಲ ಸುತ್ತಬೇಕಾಗಬಹುದು. ಮಾರ್ಬಲ್ ಮೇಲೆ ಮಾತ್ರ ಹುಳಿ ಬೀಳಬಾರದು. ಮಾರ್ಬಲ್ಲೂ ಕ್ಯಾಲ್ಸಿಯಂ ಕಾರ್ಬೊನೇಟೇ ಅಲ್ವಾ, ಕಲೆಯ ಜೊತೆ ಕಲ್ಲಿನ ಮೈಯನ್ನೂ ಹುಳಿ ತಿನ್ನುತ್ತದೆ.

ಇವನ್ನು ಬೆರೆಸಲೇಬೇಡಿ

ಇಲ್ಲಿ ಸ್ವಲ್ಪ ನಿಂತು ಓದಿ. ಬ್ಲೀಚ್ ಜೊತೆ ಆಸಿಡ್ ಇರುವ ಟಾಯ್ಲೆಟ್ ಕ್ಲೀನರ್ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಬ್ಲೀಚ್ ಜೊತೆ ವಿನೆಗರ್ ಸೇರಿದರೂ ಅಷ್ಟೇ. ಬ್ಲೀಚ್ ಜೊತೆ ಅಮೋನಿಯಾ ಇರುವ ಗ್ಲಾಸ್ ಕ್ಲೀನರ್ ಸೇರಿದರೆ ಕ್ಲೋರಮೈನ್ ಅನಿಲ ಹುಟ್ಟುತ್ತದೆ. ಎರಡೂ ಕಣ್ಣು, ಗಂಟಲು, ಶ್ವಾಸಕೋಶವನ್ನು ಸುಡುತ್ತವೆ. ಮುಚ್ಚಿದ ಬಚ್ಚಲುಮನೆಯಲ್ಲಿ ಇದು ಪ್ರಾಣಕ್ಕೇ ಅಪಾಯ. ಎರಡು ಕ್ಲೀನರ್ ಹಾಕಿದರೆ ಬೇಗ ಹೋಗುತ್ತದೆ ಎಂದು ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ. ಒಂದು ಹೊತ್ತಿಗೆ ಒಂದೇ ಕ್ಲೀನರ್ ಬಳಸಿ. ಅಕಸ್ಮಾತ್ ಬೆರೆತು ಘಾಟು ಬಂದರೆ ತೊಳೆಯಲು ನಿಲ್ಲದೆ ಮೊದಲು ಹೊರಗೆ ಬನ್ನಿ.

ವಿನೆಗರ್, ಅಡುಗೆ ಸೋಡಾ ಬೆರೆಸುವುದು ಅಪಾಯವಲ್ಲ, ಆದರೆ ವ್ಯರ್ಥ. ಬುರುಬುರು ನೊರೆ ನೋಡಲು ಚೆಂದ. ಒಂದು ಹುಳಿ, ಒಂದು ಕ್ಷಾರ. ಸೇರಿದಾಗ ಒಂದರ ಬಲವನ್ನು ಇನ್ನೊಂದು ಕಳೆಯುತ್ತದೆ, ಕೊನೆಗೆ ಉಳಿಯುವುದು ಹೆಚ್ಚುಕಮ್ಮಿ ಉಪ್ಪಿನ ನೀರು. ಬಿಳಿ ಕಲೆಗೆ ವಿನೆಗರ್ ಬೇರೆ, ಮೆಲ್ಲಗೆ ಉಜ್ಜಲು ಸೋಡಾ ಬೇರೆ. ಹಾಗೆ ಬಳಸಿದರೆ ಎರಡರಿಂದಲೂ ಉಪಯೋಗ ಇದೆ.

ಎರಡನೇ ಹೆಜ್ಜೆ: ಒಣ ಕೆಲಸ, ಮೇಲಿಂದ ಕೆಳಕ್ಕೆ

ಧೂಳು ಕೆಳಕ್ಕೇ ಬೀಳುವುದು. ಹಾಗಾಗಿ ಜೇಡರ ಬಲೆ ಮೊದಲು, ಆಮೇಲೆ ಫ್ಯಾನ್, ಕಪಾಟಿನ ತಲೆ, ಕಿಟಕಿ, ಟೇಬಲ್, ಕೊನೆಗೆ ನೆಲ.

ಫ್ಯಾನ್‌ಗೆ ಹಳೆಯ ದಿಂಬಿನ ಕವರ್ ಒಳ್ಳೆಯ ಉಪಾಯ. ಸ್ವಿಚ್ ಆಫ್ ಮಾಡಿ, ಗಟ್ಟಿಯಾಗಿ ನಿಲ್ಲುವ ಏಣಿ ಹತ್ತಿ. ರೆಕ್ಕೆಯ ತುದಿಯಿಂದ ಕವರನ್ನು ಚೀಲದಂತೆ ಪೂರ್ತಿ ತೊಡಿಸಿ. ಹೊರಗಿನಿಂದ ಎರಡೂ ಕಡೆ ಅದುಮಿ ಹಿಡಿದು ನಿಧಾನಕ್ಕೆ ನಿಮ್ಮ ಕಡೆ ಎಳೆಯಿರಿ. ದಪ್ಪಗೆ ಕೂತಿದ್ದ ಧೂಳೆಲ್ಲ ಕವರಿನೊಳಗೇ ಉದುರುತ್ತದೆ, ತಲೆಯ ಮೇಲೂ ಬೀಳುವುದಿಲ್ಲ, ಹಾಸಿಗೆಯ ಮೇಲೂ ಬೀಳುವುದಿಲ್ಲ. ಕವರನ್ನು ಹೊರಗೆ ಕೊಡವಿ ಒಗೆಯಲು ಹಾಕಿ.

ರೂಮಿನಲ್ಲಿ ಬಾಗಿಲಿನಿಂದ ಶುರು ಮಾಡಿ ಒಂದೇ ದಿಕ್ಕಿಗೆ ಸುತ್ತುತ್ತಾ ಬನ್ನಿ. ಯಾವ ಮೂಲೆ ಆಯಿತು, ಯಾವುದು ಬಾಕಿ ಎಂದು ನೆನಪಿಟ್ಟುಕೊಳ್ಳುವ ಗೋಜೇ ಇರುವುದಿಲ್ಲ. ಟಿವಿ, ಕಂಪ್ಯೂಟರ್ ಪರದೆಗೆ ಒಣ ಮೈಕ್ರೋಫೈಬರ್ ಸಾಕು. ಗ್ಲಾಸ್ ಕ್ಲೀನರ್ ಹಾಕಿದರೆ ಅದರ ಮೇಲಿನ ಲೇಪ ಹಾಳಾಗಬಹುದು.

ಮೂರನೇ ಹೆಜ್ಜೆ: ಒದ್ದೆ ಕೆಲಸ

ಇಷ್ಟರಲ್ಲಿ ಅಡುಗೆಮನೆಯ ಜಿಡ್ಡು ಸಡಿಲವಾಗಿರುತ್ತದೆ. ಮೇಲಿನ ಗೋಡೆಯಿಂದ ಒರೆಸುತ್ತಾ ಸ್ಟವ್, ಕಟ್ಟೆ, ಸಿಂಕ್ ಕಡೆಗೆ ಇಳಿಯಿರಿ. ಸ್ಟೀಲ್ ಮೈಯಲ್ಲಿ ಸಣ್ಣ ಗೀರುಗಳು ಒಂದೇ ದಿಕ್ಕಿಗೆ ಓಡಿರುತ್ತವೆ. ಆ ಗೀರಿನ ಉದ್ದಕ್ಕೇ ಒರೆಸಿದರೆ ಹೊಳೆಯುತ್ತದೆ, ಅಡ್ಡ ಉಜ್ಜಿದರೆ ಮಂಕಾಗುತ್ತದೆ.

ಮೈಕ್ರೋವೇವ್ ಒಳಗೆ ಅಂಟಿದ್ದನ್ನು ಕೆರೆಯಬೇಡಿ. ಬಟ್ಟಲಲ್ಲಿ ನೀರಿಟ್ಟು, ಅದರಲ್ಲೊಂದು ಮರದ ಚಮಚ ನಿಲ್ಲಿಸಿ, ಆವಿ ಏಳುವ ತನಕ ಬಿಸಿ ಮಾಡಿ. ಚಮಚ ಇಲ್ಲದೆ ಕಾಯಿಸಿದ ನೀರು ಕೈ ತಾಗಿದೊಡನೆ ಉಕ್ಕುವ ಅಪಾಯ ಇದೆ. ಬಾಗಿಲು ತೆಗೆಯದೆ ಐದು ನಿಮಿಷ ಬಿಟ್ಟರೆ ಆವಿಗೆ ಎಲ್ಲ ಮೆತ್ತಗಾಗುತ್ತದೆ. ಆಮೇಲೆ ಬಟ್ಟೆಯಿಂದ ಒರೆಸಿದರೆ ಸಾಕು.

ಬಚ್ಚಲಿನಲ್ಲಿ ಟೈಲ್ಸ್ ಉಜ್ಜಿ, ತೊಳೆದು, ವೈಪರ್‌ನಿಂದ ನೀರು ಎಳೆದುಬಿಡಿ. ನೀರು ನಿಂತು ಆರಿದ ಜಾಗದಲ್ಲೇ ಬಿಳಿ ಕಲೆ ಮೂಡುವುದು. ದಿನಾ ಸ್ನಾನವಾದ ಮೇಲೆ ವೈಪರ್ ಎಳೆಯುವ ಮನೆಗಳಲ್ಲಿ ಮೇಲೆ ಹೇಳಿದ ವಿನೆಗರ್ ಕೆಲಸ ಅಪರೂಪಕ್ಕೆ ಬೀಳುತ್ತದೆ.

ಕನ್ನಡಿ, ಕಿಟಕಿ ಗಾಜು ಒರೆಸುವಾಗ ನೇರ ಬಿಸಿಲು ಬೀಳುತ್ತಿರಬಾರದು. ಒರೆಸುವ ಮೊದಲೇ ನೀರು ಆರಿ ಗೆರೆ ಉಳಿಯುತ್ತದೆ. ಸ್ವಿಚ್, ರಿಮೋಟ್ ಮೇಲೆ ನೇರ ಸ್ಪ್ರೇ ಮಾಡಬೇಡಿ, ಬಟ್ಟೆಗೆ ಸ್ಪ್ರೇ ಮಾಡಿ ಹಿಂಡಿ ಒರೆಸಿ.

ಕ್ರಿಮಿನಾಶಕದ ಬಗ್ಗೆ ಒಂದು ಮಾತು. ಕೊಳೆ ಇರುವ ಜಾಗದ ಮೇಲೆ ಅದನ್ನು ಸುರಿದರೆ ಪ್ರಯೋಜನ ಕಡಿಮೆ. ಮೊದಲು ಸೋಪಿನಿಂದ ಕೊಳೆ ತೆಗೆಯಬೇಕು, ಆಮೇಲೆ ಕ್ರಿಮಿನಾಶಕ ಹಚ್ಚಿ, ಲೇಬಲ್ ಮೇಲೆ ಬರೆದಷ್ಟು ಹೊತ್ತು ಒದ್ದೆಯಾಗಿಯೇ ಬಿಡಬೇಕು. ಮನೆಯಲ್ಲಿ ಯಾರಿಗಾದರೂ ವಾಂತಿಭೇದಿ, ಜ್ವರ ಇದ್ದಾಗ ಬಾಗಿಲ ಹಿಡಿ, ನಲ್ಲಿ, ಟಾಯ್ಲೆಟ್‌ಗೆ ಇದು ಬೇಕು. ಉಳಿದ ದಿನ ಮನೆಯ ಮೂಲೆಮೂಲೆಗೂ ಹೊಡೆಯುವ ಅಗತ್ಯ ನನಗೆ ಕಾಣುವುದಿಲ್ಲ.

ಕೊನೆಗೆ ನೆಲ

ಪೂರ್ತಿ ಗುಡಿಸಿ ಅಥವಾ ವ್ಯಾಕ್ಯೂಮ್ ಮಾಡಿ, ಆಮೇಲೇ ನೀರು ಮುಟ್ಟಿಸಿ. ಧೂಳಿನ ಮೇಲೆ ಒದ್ದೆ ಮಾಪ್ ಆಡಿಸಿದರೆ ಕೆಸರಾಗುತ್ತದೆ. ಎರಡು ಬಕೆಟ್ ಇರಲಿ, ಒಂದರಲ್ಲಿ ಸೋಪಿನ ನೀರು, ಇನ್ನೊಂದರಲ್ಲಿ ಬರೀ ನೀರು. ಕೊಳೆ ಮಾಪನ್ನು ಬರೀ ನೀರಿನಲ್ಲಿ ಜಾಲಿಸಿ, ಹಿಂಡಿ, ಆಮೇಲೆ ಸೋಪಿನ ನೀರಿಗೆ ಅದ್ದಿ. ಒಳಗಿನ ಮೂಲೆಯಿಂದ ಬಾಗಿಲಿನ ಕಡೆಗೆ ಹಿಂದೆ ಸರಿಯುತ್ತಾ ಬನ್ನಿ.

ಲಿಕ್ವಿಡ್ ಜಾಸ್ತಿ ಹಾಕಿದರೆ ಜಾಸ್ತಿ ಕ್ಲೀನ್ ಆಗುವುದಿಲ್ಲ. ಒಣಗಿದ ಮೇಲೆ ಅಂಟು ಪದರ ಉಳಿದು, ಮರುದಿನವೇ ಧೂಳು ಹಿಡಿಯುತ್ತದೆ. ಅಂಗಾಲಿಗೆ ನೆಲ ಅಂಟುತ್ತಿದೆ ಅನಿಸಿದರೆ ಮುಂದಿನ ಸಲ ಬರೀ ನೀರಿನಲ್ಲಿ ಒರೆಸಿ ನೋಡಿ. ಮರದ ನೆಲವಾದರೆ ಮಾಪ್ ಗಟ್ಟಿಯಾಗಿ ಹಿಂಡಿರಬೇಕು, ನೀರು ನಿಲ್ಲಲೇಬಾರದು.

ಇಬ್ಬರಿದ್ದರೆ, ಹೊತ್ತಿಲ್ಲದಿದ್ದರೆ

ಇಬ್ಬರು ಸೇರಿ ಮಾಡುವಾಗ ರೂಮು ಹಂಚಿಕೊಳ್ಳುವುದಕ್ಕಿಂತ ಕೆಲಸ ಹಂಚಿಕೊಳ್ಳುವುದು ಮೇಲು. ಒಬ್ಬರು ಮನೆಯಿಡೀ ಧೂಳು ಹೊಡೆಯಲಿ, ಇನ್ನೊಬ್ಬರು ಅಡುಗೆಮನೆ, ಬಚ್ಚಲು ನೋಡಿಕೊಳ್ಳಲಿ. ಒಂದೇ ಬ್ರಷ್‌ಗೆ ಇಬ್ಬರೂ ಕಾಯುವುದು ತಪ್ಪುತ್ತದೆ.

ಇಪ್ಪತ್ತೇ ನಿಮಿಷ ಇದೆಯೇ? ಟಾಯ್ಲೆಟ್‌ಗೆ ಕ್ಲೀನರ್ ಬಿಟ್ಟು ಬನ್ನಿ. ಹರಡಿದ್ದನ್ನೆಲ್ಲ ಬುಟ್ಟಿಗೆ ತುಂಬಿ. ಸಿಂಕ್ ಖಾಲಿ ಮಾಡಿ. ಟೇಬಲ್, ಅಡುಗೆ ಕಟ್ಟೆ ಒರೆಸಿ. ನೆಲದ ನಡುಭಾಗ ಗುಡಿಸಿ. ಕೊನೆಗೆ ಟಾಯ್ಲೆಟ್ ಬ್ರಷ್ ಆಡಿಸಿ ನೀರು ಬಿಡಿ. ಫ್ಯಾನ್, ಗಾಜು ಇವತ್ತು ಬೇಡ.

ಎಲ್ಲ ಮುಗಿದ ಮೇಲೆ ಸಲಕರಣೆಗಳಿಗೆ ಐದು ನಿಮಿಷ ಕೊಡಿ. ಮಾಪ್ ತೊಳೆದು ಗಾಳಿಯಾಡುವ ಕಡೆ ನೇತುಹಾಕಿ, ಬಕೆಟ್‌ನಲ್ಲೇ ಬಿಟ್ಟರೆ ವಾಸನೆ ಬರುತ್ತದೆ. ಟಾಯ್ಲೆಟ್ ಬ್ರಷ್‌ನ ಹಿಡಿಯನ್ನು ಕಮೋಡಿನ ಸೀಟಿನ ಕೆಳಗೆ ಸಿಕ್ಕಿಸಿ ನೀರು ಸೋರಲು ಬಿಡಿ, ಆಮೇಲೆ ಡಬ್ಬಿಗೆ ಇಳಿಸಿ. ಮೈಕ್ರೋಫೈಬರ್ ಬಟ್ಟೆಗಳನ್ನು ಬೇರೆಯಾಗಿ ಒಗೆಯಿರಿ. ಟವೆಲ್ ಜೊತೆ ಹಾಕಿದರೆ ಹತ್ತಿಯ ನಾರು ಅಂಟುತ್ತದೆ, ಫ್ಯಾಬ್ರಿಕ್ ಕಂಡಿಷನರ್ ಹಾಕಿದರೆ ಎಳೆಗಳ ಮೇಲೆ ಪದರ ಕೂತು ಧೂಳು ಹಿಡಿಯುವ ಗುಣ ಹೋಗುತ್ತದೆ. ನೀರು ಬೆರೆಸಿದ ಬ್ಲೀಚ್ ಮಿಕ್ಕಿದ್ದರೆ ಎತ್ತಿಡಬೇಡಿ. ಅದು ಬೇಗ ಬಲ ಕಳೆದುಕೊಳ್ಳುತ್ತದೆ, ಪ್ರತಿ ಸಲ ತಣ್ಣೀರಿನಲ್ಲಿ ಹೊಸದಾಗಿಯೇ ಬೆರೆಸಿಕೊಳ್ಳಬೇಕು.