ಸೂಟ್‌ಕೇಸಿನಲ್ಲಿ ಉಪ್ಪಿನಕಾಯಿ, ತುಪ್ಪ: ಸೋರದಂತೆ ಕಟ್ಟುವುದು ಹೇಗೆ

ಹೊರದೇಶದಲ್ಲಿರುವ ಮಕ್ಕಳ ಮನೆಗೆ ಒಯ್ದ ಉಪ್ಪಿನಕಾಯಿ ಸೂಟ್‌ಕೇಸಿನಲ್ಲಿ ಸೋರಿದರೆ ನಾವೆಲ್ಲ ಬಾಟಲಿಯನ್ನೇ ದೂರುತ್ತೇವೆ. ಬಾಟಲಿ ಒಡೆದು ಸೋರುವುದು ಕಡಿಮೆ. ಸೋರುವುದು ಮುಚ್ಚಳದ ಅಂಚಿನಿಂದ, ಸೋರಿಸುವುದು ಒಳಗೆ ಸಿಕ್ಕಿಕೊಂಡ ಗಾಳಿ. ಈ ಎರಡನ್ನು ಸರಿಮಾಡಿಕೊಂಡರೆ ಮುಕ್ಕಾಲು ಕೆಲಸ ಮುಗಿದಂತೆ.

ವಿಮಾನ ಮೇಲೇರಿದಾಗ ಸಾಮಾನು ಇಡುವ ಜಾಗದಲ್ಲೂ, ನಾವು ಕೂತ ಜಾಗದಲ್ಲಿರುವಂತೆಯೇ, ಗಾಳಿಯ ಒತ್ತಡ ಇಳಿಯುತ್ತದೆ. ಸುಮಾರು 6,000ದಿಂದ 8,000 ಅಡಿ ಎತ್ತರದಲ್ಲಿ ಇರುವಷ್ಟು, ಅಂದರೆ ಮುಳ್ಳಯ್ಯನಗಿರಿಯ ತುದಿಯಲ್ಲೋ ಅದಕ್ಕಿಂತ ಮೇಲೋ ಇದ್ದ ಹಾಗೆ. ಬೆಂಗಳೂರಿನಲ್ಲಿ ಮುಚ್ಚಿದ ಬಾಟಲಿಯ ಗಾಳಿ ಅಲ್ಲಿ ಐದನೇ ಒಂದು ಪಾಲಿನಷ್ಟು ಹಿಗ್ಗಲು ನೋಡುತ್ತದೆ. ಕರಾವಳಿಯಲ್ಲಿ ಮುಚ್ಚಿದ್ದಾದರೆ ಮೂರನೇ ಒಂದು ಪಾಲಿನಷ್ಟು. ಹೋಳುಗಳ ನಡುವೆ ಸಿಕ್ಕಿದ ಗುಳ್ಳೆಗಳೂ ಹಿಗ್ಗಿ ಎಣ್ಣೆಯನ್ನು ಮೇಲಕ್ಕೆ ತಳ್ಳುತ್ತವೆ. ಮುಚ್ಚಳದ ತಿರುಪಿನಲ್ಲಿ ಒಂದು ಗೆರೆ ಎಣ್ಣೆ ಅಂಟಿದ್ದರೂ ಸಾಕು, ಅದೇ ದಾರಿ ಹಿಡಿದು ಹೊರಗೆ ಬರುತ್ತದೆ.

ಹಾಗಾಗಿ ಮೊದಲ ಮಾತು: ಹೊಸ ಉಪ್ಪಿನಕಾಯಿ ಒಯ್ಯಬೇಡಿ. ಕಲಸಿ ಮೂರು ನಾಲ್ಕು ವಾರವಾದರೂ ಆಗಿರಲಿ. ಹೊಸದು ಇನ್ನೂ ನೀರು ಬಿಡುತ್ತಿರುತ್ತದೆ, ಸಣ್ಣಗೆ ಹುಳಿಯುತ್ತ ಗುಳ್ಳೆ ಎಬ್ಬಿಸುತ್ತಿರುತ್ತದೆ. ಅಂಥದ್ದನ್ನು ಎಷ್ಟು ಬಿಗಿದರೂ ಕಷ್ಟ. ಸಾಗರ, ಸಿರ್ಸಿ ಕಡೆಯ ಅಪ್ಪೆಮಿಡಿಯದು ಬೇರೆಯೇ ಸಮಸ್ಯೆ, ಅದರಲ್ಲಿ ರಸವೇ ಹೆಚ್ಚು. ಮಿಡಿಗಳನ್ನು ಅಂಟಿದ ಮಸಾಲೆಯ ಸಮೇತ ಒಂದು ಬಾಟಲಿಗೆ ತೆಗೆದು, ರಸವನ್ನು ಸಣ್ಣ ಬಾಯಿಯ ಇನ್ನೊಂದು ಬಾಟಲಿಗೆ ಹಾಕಿ. ತಲುಪಿದ ದಿನವೇ ರಸವನ್ನು ಮತ್ತೆ ಸುರಿದುಬಿಡಬೇಕು. ರಸದಿಂದ ಮೇಲೆ ಉಳಿದ ಮಿಡಿಗೆ ಬೂಷ್ಟು ಬರುತ್ತದೆ.

ಬಾಟಲಿ ಯಾವುದು? ಅರ್ಧ ಕಿಲೋ ಹಿಡಿಯುವ, ತಿರುಪು ಮುಚ್ಚಳದ, ಪಾರದರ್ಶಕ ಪ್ಲಾಸ್ಟಿಕ್ ಬಾಟಲಿ. ಒಂದು ಕಿಲೋದ್ದು ಒಂದರ ಬದಲು ಅರ್ಧರ್ಧ ಕಿಲೋದ್ದು ಎರಡು ಒಳ್ಳೆಯದು, ಒಂದು ಕೆಟ್ಟರೂ ಇನ್ನೊಂದು ಉಳಿಯುತ್ತದೆ. ಗಾಜಿನದು ಖಾಲಿಯಿದ್ದಾಗಲೇ ಕಾಲು ಕಿಲೋ ತೂಗುತ್ತದೆ, ಒಂದು ಸೂಟ್‌ಕೇಸಿಗೆ 23 ಕಿಲೋ ಲೆಕ್ಕದಲ್ಲಿ ಅದು ದಂಡ. ಒತ್ತಿ ಮುಚ್ಚುವ ಸ್ಟೀಲ್ ಡಬ್ಬಿಯಂತೂ ಬೇಡವೇ ಬೇಡ. ಬಾಯಿಗೆ ಅಲ್ಯೂಮಿನಿಯಂ ಫಾಯಿಲ್ ಮುಚ್ಚುವ ಅಭ್ಯಾಸ ಹಲವರಿಗಿದೆ, ದಯವಿಟ್ಟು ಬಿಡಿ. ಉಪ್ಪು ಹುಳಿ ಸೇರಿ ಅದನ್ನು ತಿನ್ನುತ್ತವೆ, ಕೆಲವೇ ದಿನದಲ್ಲಿ ಸೂಜಿಮೊನೆಯಷ್ಟು ತೂತು ಬಿದ್ದು ಚೂರು ಉಪ್ಪಿನಕಾಯಿಗೆ ಉದುರುತ್ತದೆ.

ಹೊರಡುವ ನಾಲ್ಕು ದಿನ ಮೊದಲೇ ತುಂಬಿ. ಬಾಟಲಿ, ಮುಚ್ಚಳ ಎರಡನ್ನೂ ಬಿಸಿಲಿನಲ್ಲಿ ಒಣಗಿಸಿರಬೇಕು. ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಕೊಳವೆಯಂತೆ ಸುತ್ತಿ ಬಾಟಲಿಯ ಬಾಯೊಳಗೆ ಇಳಿಬಿಟ್ಟು, ಅದರ ಮೂಲಕ ಹಾಕಿ. ಆಗ ತಿರುಪಿಗೆ ಎಣ್ಣೆ ತಾಗುವುದಿಲ್ಲ. ನಾಲ್ಕು ಚಮಚ ಹಾಕಿದಾಗೊಮ್ಮೆ ಒಣಚಮಚದ ಹಿಡಿಯಿಂದ ಅಂಚಿನುದ್ದಕ್ಕೂ ಒತ್ತುತ್ತ ಬನ್ನಿ, ಗುಳ್ಳೆಗಳು ಒಂದೊಂದಾಗಿ ಮೇಲೆದ್ದು ಒಡೆಯುವುದು ಕಣ್ಣಿಗೇ ಕಾಣುತ್ತದೆ. ಮೇಲೆ ಒಂದು ಬೆರಳಿನ ಅಗಲ ಖಾಲಿ ಬಿಡಿ. ಆಮೇಲೆ ಅಂಚನ್ನೂ ತಿರುಪಿನ ಸುತ್ತುಗಳನ್ನೂ ಒಣ ಹತ್ತಿಬಟ್ಟೆಯಿಂದ, ಬಟ್ಟೆಗೆ ಹಳದಿ ಹತ್ತುವುದು ನಿಲ್ಲುವ ತನಕ ಒರೆಸಿ.

ಬಾಯಿಗೆ ಮುಚ್ಚಲು ನಮ್ಮ ಮನೆಗಳಲ್ಲೇ ಸಿಗುವ ಒಳ್ಳೆಯ ವಸ್ತು ಹಾಲಿನ ಪ್ಯಾಕೆಟ್ಟಿನ ಕವರು. ದಪ್ಪಗಿದ್ದರೂ ಮೆದುವಾಗಿ ಅಂಚಿಗೆ ಕೂರುತ್ತದೆ. ಕತ್ತರಿಸಿ, ಸೋಪಿನಲ್ಲಿ ತೊಳೆದು, ಚೆನ್ನಾಗಿ ಒಣಗಿಸಿ, ಬಾಯಿಗಿಂತ ಸುತ್ತಲೂ ಎರಡು ಬೆರಳು ದೊಡ್ಡದಾದ ಎರಡು ಚೌಕ ಮಾಡಿಕೊಳ್ಳಿ. ಒಂದರ ಮೇಲೊಂದು ಇಟ್ಟು, ಬಾಟಲಿಯ ಹೊಟ್ಟೆಯನ್ನು ಎಡಗೈಯಲ್ಲಿ ತುಸು ಅಮುಕಿ ಹಿಡಿದು, ಬಲಗೈಯಲ್ಲಿ ಮುಚ್ಚಳ ತಿರುಗಿಸಿ ಬಿಗಿಯಿರಿ. ಕೈ ಬಿಟ್ಟ ಮೇಲೂ ಬಾಟಲಿ ಸ್ವಲ್ಪ ತಗ್ಗಿಕೊಂಡಿದ್ದರೆ ಸರಿಯಾಗಿದೆ ಎಂದರ್ಥ. ಮೇಲೆ ಹೋದಾಗ ಗಾಳಿ ಹಿಗ್ಗಿದರೆ ಆ ತಗ್ಗು ತುಂಬಿಕೊಳ್ಳುತ್ತದೆ, ಮುಚ್ಚಳದ ಮೇಲೆ ಒತ್ತಡ ಬೀಳುವುದಿಲ್ಲ. ಗಾಜಿನ ಬಾಟಲಿಯಲ್ಲಿ ಈ ಅನುಕೂಲ ಇಲ್ಲ.

ಮುಚ್ಚಳದ ಅಂಚಿಗೆ ಸೆಲ್ಲೋ ಟೇಪನ್ನು ಮುಚ್ಚಳ ಬಿಗಿಯುವ ದಿಕ್ಕಿಗೇ ಎಳೆದು ಮೂರು ಸುತ್ತು ಸುತ್ತಿ. ಎದುರು ದಿಕ್ಕಿಗೆ ಎಳೆದರೆ ನಿಮ್ಮ ಕೈಯೇ ಅದನ್ನು ಸಡಿಲ ಮಾಡುತ್ತದೆ. ಹೊರಮೈಗೆ ಎಣ್ಣೆ ತಾಗಿದ್ದರೆ ಟೇಪು ಹಿಡಿಯದು, ಚಿಟಿಕೆ ಕಡಲೆಹಿಟ್ಟು ಉಜ್ಜಿ ಒರೆಸಿ. ಇಡೀ ಬಾಟಲಿಗೆ ಕಂದು ಟೇಪು ಸುತ್ತಬೇಡಿ. ತಪಾಸಣೆಯವರಿಗೆ ಒಳಗೇನಿದೆ ಎಂದು ಕಾಣದಿದ್ದರೆ ಕತ್ತರಿಸಿ ನೋಡುತ್ತಾರೆ, ಮತ್ತೆ ನಿಮ್ಮಂತೆ ಕಟ್ಟಿಡುವುದಿಲ್ಲ. ಇಂಗ್ಲಿಷಿನಲ್ಲಿ ಹೆಸರು ಬರೆದು ಅಂಟಿಸಿ.

ಈಗ ಪರೀಕ್ಷೆ. ಇದನ್ನು ಬಿಟ್ಟು ಯಾರೂ ಸೂಟ್‌ಕೇಸ್ ಮುಚ್ಚಬಾರದು. ಬಾಟಲಿಯನ್ನು ಹಳೆಯ ಪೇಪರಿನ ಮೇಲೆ ತಲೆಕೆಳಗಾಗಿ ರಾತ್ರಿಯಿಡೀ ನಿಲ್ಲಿಸಿ. ಬೆಳಿಗ್ಗೆ ಪೇಪರಿನ ಮೇಲೆ ಎಣ್ಣೆಯ ಬಳೆ ಮೂಡಿದ್ದರೆ ಬಿಚ್ಚಿ, ಒರೆಸಿ, ಹೊಸ ಚೌಕ ಹಾಕಿ, ಮತ್ತೊಂದು ರಾತ್ರಿ ನಿಲ್ಲಿಸಿ. ಎರಡನೇ ಸಲವೂ ಬಳೆ ಮೂಡಿದರೆ ಆ ಮುಚ್ಚಳವೇ ಸರಿಯಿಲ್ಲ, ಬಾಟಲಿ ಬದಲಿಸಿ. ನಾಲ್ಕು ದಿನ ಬೇಕು ಎಂದದ್ದು ಇದಕ್ಕೇ.

ಪಾಸಾದ ಬಾಟಲಿಯನ್ನು ಜಿಪ್ ಕವರಿನಲ್ಲಿಟ್ಟು ಗಾಳಿ ಹೊರಹಾಕಿ ಮುಚ್ಚಿ. ಅದಕ್ಕೆ ಹಳೆಯ ಪಂಚೆಯ ತುಂಡನ್ನೋ ಹತ್ತಿಸೀರೆಯ ತುಂಡನ್ನೋ ಎರಡು ಸುತ್ತು ಸುತ್ತಿ ಇನ್ನೊಂದು ಜಿಪ್ ಕವರಿಗೆ ಹಾಕಿ. ಬಟ್ಟೆ ಎರಡು ಕವರುಗಳ ನಡುವೆ ಇರಬೇಕು, ಆಗಲೇ ಸೋರಿದ್ದನ್ನು ಹೀರುತ್ತದೆ. ನೈಲಾನ್, ಪಾಲಿಯೆಸ್ಟರ್ ಹೀರುವುದಿಲ್ಲ. ಸೂಟ್‌ಕೇಸಿನ ನಡುಭಾಗದಲ್ಲಿ, ಆರೂ ಕಡೆ ನಾಲ್ಕು ಬೆರಳು ಬಟ್ಟೆ ಇರುವಂತೆ ಇಡಿ. ರೇಷ್ಮೆ ಸೀರೆ, ಮಗುವಿನ ಬಟ್ಟೆ ಆ ಪೆಟ್ಟಿಗೆಯಲ್ಲೇ ಬೇಡ. ಇಂಗಿನ ವಾಸನೆ ಕವರು ದಾಟಿ ಬರುತ್ತದೆ.

ತುಪ್ಪವನ್ನು ಬಿಸಿಯಲ್ಲಿ ಮುಚ್ಚಬೇಡಿ. ತಣಿದು ಹರಳುಗಟ್ಟಿದ ಮೇಲೆ ಮುಚ್ಚಿ ಒಂದು ದಿನ ಫ್ರಿಜ್ಜಿನಲ್ಲಿಡಿ. ಗಟ್ಟಿಯಾಗಿ ಹೊರಟರೂ ದುಬೈ, ದೋಹಾದಲ್ಲಿ ವಿಮಾನ ಬದಲಿಸುವಾಗ ಪೆಟ್ಟಿಗೆ ಬಿಸಿಲಿಗೆ ಬಿದ್ದರೆ ಕರಗುತ್ತದೆ, ಹಾಗಾಗಿ ತಲೆಕೆಳಗಿನ ಪರೀಕ್ಷೆಯನ್ನು ತುಪ್ಪ ಕರಗಿದ್ದಾಗಲೇ ಒಮ್ಮೆ ಮಾಡಿಕೊಳ್ಳಿ. ಇಂಗ್ಲೆಂಡಿಗೆ, ಜರ್ಮನಿಯಂಥ ಯುರೋಪಿಯನ್ ಒಕ್ಕೂಟದ ದೇಶಗಳಿಗೆ ಭಾರತದಿಂದ ಹಾಲಿನ ಪದಾರ್ಥ ತರುವಂತಿಲ್ಲ, ಅಲ್ಲಿಗೆ ತುಪ್ಪ ಒಯ್ಯಬೇಡಿ. ಜೇನು ತಲೆಗೆ 2 ಕಿಲೋವರೆಗೆ ಒಯ್ಯಬಹುದು. ನ್ಯೂಜಿಲೆಂಡಿಗೆ ಜೇನೂ ಕೂಡದು. ಅಮೆರಿಕಕ್ಕೆ ಹಸಿ ಕರಿಬೇವು ಬೇಡ, ಉಪ್ಪಿನಕಾಯಿ ಒಯ್ಯಬಹುದು. ಆದರೆ ಆಹಾರ ಇದೆಯೇ ಎಂದು ಕೇಳಿದಾಗ ಇದೆ ಎಂದೇ ಹೇಳಿ, ಮುಚ್ಚಿಟ್ಟರೆ ದಂಡ. ಒಣಕೊಬ್ಬರಿ ಗಿಟುಕು ಯಾವ ದೇಶಕ್ಕೂ ಪೆಟ್ಟಿಗೆಯಲ್ಲಿ ಇಡಬೇಡಿ, ಎಣ್ಣೆಯಂಶದಿಂದ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಹುದೆಂದು ವಿಮಾನ ನಿಲ್ದಾಣದಲ್ಲೇ ತೆಗೆಸುತ್ತಾರೆ.

ವಾಪಸು ಬರುವಾಗ ಮಕ್ಕಳು ವೈನ್ ಬಾಟಲಿ ಕೊಟ್ಟರೆ, ಅದೇ ಎರಡು ಕವರು, ನಡುವೆ ಹತ್ತಿಬಟ್ಟೆ. ಹೊರಗೆ ಜೀನ್ಸ್ ಪ್ಯಾಂಟಿನ ಕಾಲು ತೊಡಿಸಿ. ಗಾಜಿಗೆ ಗಾಜು ತಾಗದಿದ್ದರೆ ಸಾಕು. 750 ಮಿಲಿಯ ಒಂದು ಬಾಟಲಿ ಒಂದೂಕಾಲು ಕಿಲೋಗೆ ಹತ್ತಿರ ತೂಗುತ್ತದೆ. ಮದ್ಯವೆಲ್ಲ ಸೇರಿ ಒಬ್ಬರಿಗೆ 2 ಲೀಟರಿನವರೆಗೆ ಸುಂಕವಿಲ್ಲ, ಅಂದರೆ ಎರಡೇ ಬಾಟಲಿ.

ಮಕ್ಕಳ ಮನೆ ತಲುಪಿದ ಕೂಡಲೇ ಬಾಟಲಿಗಳನ್ನು ಹೊರತೆಗೆದು ನೆಟ್ಟಗೆ ನಿಲ್ಲಿಸಿ. ಮಾರನೆಯ ದಿನ, ಎಣ್ಣೆ ಮೇಲೆ ತೇಲಿ ನಿಂತಾಗ, ಒಣಗಿದ ಗಾಜಿನ ಬಾಟಲಿಗೆ ವರ್ಗಾಯಿಸಿ. ಎಣ್ಣೆ ಹೋಳುಗಳನ್ನು ಮುಳುಗಿಸದಿದ್ದರೆ ಎಳ್ಳೆಣ್ಣೆ ಕಾಯಿಸಿ, ಪೂರ್ತಿ ತಣಿಸಿ, ಮೇಲೆ ಹಾಕಿ.