ಹಳೇ ಸೈಕಲ್ ಫ್ರೇಮು: ಬೆಸೆಸಬೇಕೋ, ಗುಜರಿಗೆ ಹಾಕಬೇಕೋ?

ಬಣ್ಣ ಆಮೇಲೆ. ಮೊದಲು ಚಕ್ರ, ಚೈನು, ಹ್ಯಾಂಡಲ್ಲು, ಸೀಟು ಎಲ್ಲ ಕಳಚಿ ಫ್ರೇಮನ್ನು ಬರಿದು ಮಾಡಿ. ಎಲ್ಲಿ ಕೆಟ್ಟಿದೆ ಅನ್ನುವುದರ ಮೇಲೆ ತೀರ್ಮಾನ.

ದಾವಣಗೆರೆ ಸುತ್ತ ಭದ್ರಾ ನಾಲೆಯ ಗದ್ದೆದಾರಿಯಲ್ಲಿ ಓಡಿದ ಸೈಕಲ್ಲಾದರೆ ತಲೆಕೆಳಗೆ ಮಾಡಿ ಪೆಡಲ್ ಆಕ್ಸಲ್ ಕೂರುವ ಜಾಗ ನೋಡಿ. ಎರೆಮಣ್ಣು ಅಲ್ಲಿ ಮೆತ್ತಿಕೊಂಡು ತೇವ ಹಿಡಿದಿಡುತ್ತದೆ. ಸೀಟ್ ಪೈಪಿನೊಳಗೆ ಇಳಿದ ಮಳೆನೀರೂ ಅಲ್ಲೇ ನಿಲ್ಲುತ್ತದೆ. ತುಕ್ಕು ಒಳಗಿನಿಂದ ತಿನ್ನುವುದರಿಂದ ಹೊರಗೆ ಬಣ್ಣ ಉಬ್ಬಿದ್ದಷ್ಟೇ ಕಾಣುತ್ತದೆ. ಉಬ್ಬನ್ನು ಕೆರೆದು ದಬ್ಬಣದಿಂದ ಒತ್ತಿ. ಒಳಕ್ಕೆ ಹೋದರೆ ಆ ಫ್ರೇಮಿಗೆ ದುಡ್ಡು ಸುರಿಯಬೇಡಿ; ಸುತ್ತಲಿನ ಪೈಪೂ ತೆಳುವಾಗಿರುತ್ತದೆ, ತೇಪೆ ಹಿಡಿಯುವ ಗಟ್ಟಿ ಅಂಚು ಸಿಗದು.

ಹ್ಯಾಂಡಲ್ ಪೈಪಿನ ಹಿಂದೆ, ಅಲ್ಲಿಂದ ಪೆಡಲ್ ಕಡೆಗೆ ಇಳಿಯುವ ಓರೆ ಪೈಪಿನ ಅಡಿಗೆ ಉಗುರು ಎಳೆಯಿರಿ. ಸುಕ್ಕು ಸಿಕ್ಕರೆ ಸೈಕಲ್ಲು ಎದುರಿಗೆ ಗುದ್ದಿದೆ ಎಂದರ್ಥ. ನೆಟ್ಟಗೆ ಮಾಡಿಸಿದರೂ ಅದೇ ಸುಕ್ಕಿನಲ್ಲಿ ಸೀಳುತ್ತದೆ, ಅದೂ ಓಡಿಸುವಾಗ. ಇದು ಗುಜರಿಯೇ. ಮುಂದಿನ ಚಕ್ರ ಹಿಡಿಯುವ ಫೋರ್ಕ್ ಮಾತ್ರ ಬಾಗಿದ್ದರೆ ಚಿಂತೆಯಿಲ್ಲ, ಬೇರೆಯದು ಹಾಕಿಸಿ. ಅಂಗಡಿಗೆ ಹಳೆಯದನ್ನೇ ಒಯ್ದು ಮೇಲಿನ ಕೊಳವೆಯ ಉದ್ದ, ಥ್ರೆಡ್ಡು ಹೋಲಿಸಿ ತನ್ನಿ.

ಸೊಟ್ಟವಿದೆಯೇ ತಿಳಿಯಲು ದಾರ ಸಾಕು. ಹಿಂದಿನ ಆಕ್ಸಲ್ ಕೂರುವ ಒಂದು ಬದಿಗೆ ಕಟ್ಟಿ, ಹ್ಯಾಂಡಲ್ ಪೈಪನ್ನು ಬಳಸಿ, ಇನ್ನೊಂದು ಬದಿಗೆ ಬಿಗಿಯಾಗಿ ತಂದು ಕಟ್ಟಿ. ಸೀಟ್ ಪೈಪಿನಿಂದ ಎರಡೂ ದಾರಕ್ಕೆ ಅಳೆಯಿರಿ. 2 ಮಿ.ಮೀ. ವ್ಯತ್ಯಾಸ ನಡೆಯುತ್ತದೆ. 5 ದಾಟಿದರೆ ಚಕ್ರ ಓರೆ ಓಡುತ್ತದೆ. ಹಿಂದಿನ ಸಣ್ಣ ಪೈಪುಗಳು ಮಾತ್ರ ಬಾಗಿದ್ದರೆ ಅನುಭವಸ್ಥ ಮೇಸ್ತ್ರಿ ಸರಿ ಮಾಡಿಯಾರು.

ಬಿರುಕಿನ ಅನುಮಾನವಿರುವ ಕಡೆ ಬಣ್ಣ ಕೆರೆದು, ಸೀಮೆಎಣ್ಣೆ ಹಚ್ಚಿ 15 ನಿಮಿಷ ಬಿಡಿ. ಪೂರ್ತಿ ಒರೆಸಿ, ಸೀಮೆಸುಣ್ಣ ಉಜ್ಜಿ. ಬಿರುಕಿದ್ದರೆ ಬಿಳಿ ಪುಡಿಯಲ್ಲಿ ಕೂದಲೆಳೆಯಂಥ ಒದ್ದೆ ಗೆರೆ ನಿಧಾನಕ್ಕೆ ಮೂಡುತ್ತದೆ. ಬಣ್ಣ ಕೆರೆಯದೆ ನೋಡಿದರೆ ಪೈಪಿನ ಜೋಡಣೆಯ ಅಂಚಲ್ಲಿ ಒಡೆದ ಬಣ್ಣವೇ ಬಿರುಕಿನಂತೆ ಕಂಡು ಮೋಸವಾಗುತ್ತದೆ.

ಹಿಂದಿನ ಸಣ್ಣ ಪೈಪಿನ ಬಿರುಕನ್ನು ಬೆಸೆಸಬಹುದು. ಮೊದಲು ಬಿರುಕಿನ ಎರಡೂ ತುದಿಗೆ 2 ಮಿ.ಮೀ. ತೂತು ಕೊರೆಸಿ, ಇಲ್ಲದಿದ್ದರೆ ಅದು ಮುಂದಕ್ಕೆ ಬೆಳೆಯುತ್ತದೆ. ಗ್ಯಾಸಿನಲ್ಲಿ ಹಿತ್ತಾಳೆ ಬೆಸುಗೆಯನ್ನೇ ಕೇಳಿ. ಹಿತ್ತಾಳೆ 900 ಡಿಗ್ರಿ ಆಸುಪಾಸಿನಲ್ಲಿ ಕರಗುತ್ತದೆ, ಉಕ್ಕು ಕರಗಲು ಸುಮಾರು 1,500 ಬೇಕು. ಹಾಗಾಗಿ ಪೈಪು ಉಳಿಯುತ್ತದೆ. ಕರೆಂಟ್ ವೆಲ್ಡಿಂಗ್ ತೆಳು ಪೈಪನ್ನು ತೂತು ಮಾಡುತ್ತದೆ, ಪೈಪಿನ ಜೋಡಣೆಯಲ್ಲಿರುವ ಹಳೇ ಹಿತ್ತಾಳೆ ಬೆರೆತರೆ ಆ ಬೆಸುಗೆಯೇ ಒಡೆಯುತ್ತದೆ. ಬೆಸೆದ ಮೇಲೆ ನೀರು ಹುಯ್ಯಿಸಬೇಡಿ, ತಾನಾಗಿ ಆರಲಿ. ಅಂಥ ಫ್ರೇಮಿನ ಕ್ಯಾರಿಯರ್ ಮೇಲೆ 50 ಕೆ.ಜಿ. ಅಕ್ಕಿ ಮೂಟೆ ಹೇರುವುದು ಬೇಡ.

ಗುಜರಿಗೆ ಹಾಕುವುದಾದರೆ ಪೆಡಲ್ ಆಕ್ಸಲ್, ಅದರ ಎರಡೂ ಬದಿಯ ಕಪ್ಪುಗಳು (ಬೇರಿಂಗ್ ಬಟ್ಟಲು), ಕ್ಯಾರಿಯರ್, ಮಡ್‌ಗಾರ್ಡ್ ಬಿಚ್ಚಿಕೊಳ್ಳಿ. ಚೈನಿನ ಕಡೆಯ ಕಪ್ಪು ಉಲ್ಟಾ ಥ್ರೆಡ್ಡು, ಬಲಕ್ಕೆ ತಿರುಗಿಸಿದರೆ ಬಿಚ್ಚುತ್ತದೆ. ಆಮೇಲೆ ಓರೆ ಪೈಪನ್ನು ಗರಗಸದಲ್ಲಿ ಕೊಯ್ದೇ ಕೊಡಿ. ಇಡಿಯಾಗಿ ಕೊಟ್ಟರೆ ಯಾರಾದರೂ ಬಣ್ಣ ಬಳಿದು ಮತ್ತೊಬ್ಬರಿಗೆ ಮಾರಿಯಾರು.