ಹಿನ್ನೀರಿನ ನಡುವೆ ತಟ್ಟನೆ ನಿಲ್ಲುತ್ತಿದ್ದ ಎಂಜಿನ್: ಕಿಲ್ ಸ್ವಿಚ್ ರಿಪೇರಿಯ ನನ್ನ ಅನುಭವ

ಪೆಟ್ರೋಲ್ ಸಾಲದೆ ನಿಲ್ಲುವ ಎಂಜಿನ್ ಮುನ್ಸೂಚನೆ ಕೊಟ್ಟೇ ನಿಲ್ಲುತ್ತದೆ. ದನಿ ಕುಗ್ಗುತ್ತದೆ, ಒಂದೆರಡು ಸಲ ಮುಗ್ಗರಿಸುತ್ತದೆ, ಥ್ರಾಟಲ್ ತಿರುವಿದರೂ ಮೇಲೇಳದೆ ಕೊನೆಗೆ ಸುಮ್ಮನಾಗುತ್ತದೆ. ಕಳೆದ ಮಳೆಗಾಲದಲ್ಲಿ ನನ್ನ ದೋಣಿಯ ಹಿಂಬದಿಗೆ ಸಿಕ್ಕಿಸಿದ ಔಟ್‌ಬೋರ್ಡ್ ಎಂಜಿನ್ ಹಾಗೆ ನಿಲ್ಲುತ್ತಿರಲಿಲ್ಲ. ತುಂಬು ದನಿಯಲ್ಲಿ ಓಡುತ್ತಿದ್ದದ್ದು ಯಾರೋ ಸ್ವಿಚ್ ಆರಿಸಿದಂತೆ ತಟ್ಟನೆ ಸತ್ತುಹೋಗುತ್ತಿತ್ತು. ಸ್ಟಾರ್ಟರ್ ಹಗ್ಗ ಎಳೆದರೆ ಮೊದಲ ಎಳೆತಕ್ಕೇ ಹೊತ್ತಿಕೊಳ್ಳುತ್ತಿತ್ತು. ಇನ್ನಷ್ಟು ದೂರ ಹೋದ ಮೇಲೆ ಮತ್ತೆ ಅದೇ ಕಥೆ. ಈ ಲಕ್ಷಣ ಕಂಡವರು ಕಾರ್ಬ್ಯುರೇಟರ್ ಬಿಚ್ಚುವ ಮೊದಲು ಕಿಡಿ ಕಡಿದು ಎಂಜಿನ್ ನಿಲ್ಲಿಸುವ ಕಿಲ್ ಸ್ವಿಚ್ ಕಡೆ ಕಣ್ಣು ಹಾಯಿಸಬೇಕು.

ನಮ್ಮದು ಸಾಗರ ತಾಲ್ಲೂಕಿನ ಶರಾವತಿ ಹಿನ್ನೀರಿನ ಊರು. 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದ ಮೇಲೆ ತುಮರಿ ಕಡೆಯವರಿಗೆ ಲಾಂಚ್ ಕಾಯುವ ಕಷ್ಟ ತಪ್ಪಿದೆ. ನಮ್ಮ ಅಡಿಕೆ ತೋಟ ಮಾತ್ರ ನೀರಿನ ಇನ್ನೊಂದು ಮಡಿಲಿನಲ್ಲಿದೆ. ಅಲ್ಲಿಗೆ ಈಗಲೂ ದೋಣಿಯೇ ಹತ್ತಿರದ ದಾರಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಂತಾಗ ಮುಳುಗಿದ ಕಾಡಿನ ಬೊಡ್ಡೆಗಳು ಇನ್ನೂ ಅಡಿಯಲ್ಲಿ ನಿಂತಿವೆ. ಮಳೆಗಾಲದ ಗಾಳಿಯಲ್ಲಿ ಎಂಜಿನ್ ನಿಂತ ದೋಣಿ ನೇರವಾಗಿ ಆ ಬೊಡ್ಡೆಗಳ ಮೇಲೆಯೇ ತೇಲಿ ಹೋಗುತ್ತದೆ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವ ಆಳುಗಳನ್ನೂ ಮೈಲುತುತ್ತ, ಸುಣ್ಣ, ದೋಟಿಗಳನ್ನೂ ಹೊತ್ತು ಹೋಗುವ ದಿನಗಳಲ್ಲಿ ಇದು ಸಹಿಸಿಕೊಳ್ಳುವ ತೊಂದರೆಯಲ್ಲ.

ಸ್ವಿಚ್ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಮೊದಲು ಹೇಳಬೇಕು. ದೋಣಿಯ ದಿಕ್ಕು ತಿರುಗಿಸುವ ಟಿಲ್ಲರ್ ಹಿಡಿಯ ಹತ್ತಿರ ಒಂದು ಕೆಂಪು ಗುಂಡಿ ಇರುತ್ತದೆ. ಅದರ ತಲೆಯ ಕೆಳಗೆ ಸೀಳಿರುವ ಪ್ಲಾಸ್ಟಿಕ್ ಕ್ಲಿಪ್ ಸಿಕ್ಕಿಸಬೇಕು. ಕ್ಲಿಪ್ಪಿನಿಂದ ಹೊರಟ ಸುರುಳಿ ಹಗ್ಗದ ಇನ್ನೊಂದು ತುದಿ ಓಡಿಸುವವನ ಮೈಗೆ ಕಟ್ಟಿರುತ್ತದೆ. ಕ್ಲಿಪ್ ಇದ್ದಷ್ಟು ಹೊತ್ತು ಗುಂಡಿ ಮೇಲೆದ್ದಿರುತ್ತದೆ, ಒಳಗಿನ ಎರಡು ಸಂಪರ್ಕಗಳು ದೂರವಿರುತ್ತವೆ. ಕ್ಲಿಪ್ ಕಳಚಿದರೆ ಸ್ಪ್ರಿಂಗ್ ಗುಂಡಿಯನ್ನು ಒಳಗೆಳೆದು ಸಂಪರ್ಕ ಕೂಡಿಸುತ್ತದೆ. ಕಿಡಿಗೆ ವಿದ್ಯುತ್ ಕೊಡುವ ಇಗ್ನಿಷನ್ ಪೆಟ್ಟಿಗೆಯಿಂದ ಬರುವ ಬಿಳಿ ವೈರು ಕಪ್ಪು ವೈರಿನ ಮೂಲಕ ಅರ್ತ್ ಆಗಿ ಕಿಡಿ ನಿಲ್ಲುತ್ತದೆ. ಬ್ಯಾಟರಿಯಿಲ್ಲದೆ ತಾನೇ ಕಿಡಿಗೆ ವಿದ್ಯುತ್ ಹುಟ್ಟಿಸಿಕೊಳ್ಳುವ, ನನ್ನದರಂಥ ಮ್ಯಾಗ್ನೆಟೊ ಎಂಜಿನ್‌ಗಳ ಕ್ರಮ ಇದು. ಹಿಮದ ಮೇಲೆ ಓಡುವ ಸ್ನೋಮೊಬೈಲ್‌ಗಳಲ್ಲಿಯೂ ಸವಾರನ ಮೈಗೆ ಕಟ್ಟುವ ಇಂಥದೇ ಹಗ್ಗವಿದೆ. ಆದರೆ ಕೆಲವು ಯಂತ್ರಗಳಲ್ಲಿ ಸಂಪರ್ಕ ಕೂಡಿದ್ದರೆ ಓಟ, ಬಿಟ್ಟರೆ ನಿಲುಗಡೆ. ಆದ್ದರಿಂದ ಮೀಟರ್ ಇಡುವ ಮೊದಲು ನಿಮ್ಮ ಯಂತ್ರ ಯಾವ ಬಗೆಯದು ಎಂಬುದನ್ನು ಅದರ ಕೈಪಿಡಿಯಲ್ಲಿ ನೋಡಿಕೊಳ್ಳಿ.

ಊರಿನಲ್ಲಿ ಎಲ್ಲರ ಸಲಹೆಯೂ ಒಂದೇ ಆಗಿತ್ತು: ಬಿಳಿ ವೈರು ಕತ್ತರಿಸಿಬಿಡು. ಕ್ಲಿಪ್ಪಿನ ಜಾಗದಲ್ಲಿ ಅಡಿಕೆ ಹಾಳೆಯ ತುಂಡನ್ನು ತುರುಕಿ ಓಡಿಸುವವರನ್ನೂ ನೋಡಿದ್ದೇನೆ. ಈ ಮಾತಿಗೆ ನಾನು ಒಪ್ಪಲಿಲ್ಲ, ಎಂದಿಗೂ ಒಪ್ಪುವುದಿಲ್ಲ. ಓಡಿಸುವವನು ನೀರಿಗೆ ಬಿದ್ದರೆ ಟಿಲ್ಲರ್ ಹಿಡಿಯುವವರಿಲ್ಲದ ದೋಣಿ ನೇರವಾಗಿ ಹೋಗುವುದಿಲ್ಲ. ಪ್ರೊಪೆಲ್ಲರ್‌ನ ತಿರುಚುವಿಕೆಗೆ ಸಿಕ್ಕಿ ವೃತ್ತಾಕಾರವಾಗಿ ಸುತ್ತುತ್ತ ಬಿದ್ದವನ ಮೇಲೆಯೇ ಬರುತ್ತದೆ. 2013ರಲ್ಲಿ ಇಂಗ್ಲೆಂಡಿನ ಪ್ಯಾಡ್‌ಸ್ಟೋ ಬಳಿ ವೇಗದ ದೋಣಿಯಿಂದ ಒಂದು ಕುಟುಂಬವೇ ನೀರಿಗೆ ಎಸೆಯಲ್ಪಟ್ಟು, ಖಾಲಿ ದೋಣಿ ಸುತ್ತಿ ಬಂದು ಹಾಯ್ದು ತಂದೆ ಮತ್ತು ಮಗಳು ಪ್ರಾಣ ಕಳೆದುಕೊಂಡರು. ಹಗ್ಗ ದೋಣಿಯಲ್ಲಿತ್ತು, ಯಾರ ಮೈಗೂ ಕಟ್ಟಿರಲಿಲ್ಲ. ಅಮೆರಿಕದಲ್ಲಿ 26 ಅಡಿಗಿಂತ ಚಿಕ್ಕ ವಿಹಾರ ದೋಣಿಗಳನ್ನು ಓಡಿಸುವವರಿಗೆ 2021ರ ಏಪ್ರಿಲ್‌ನಿಂದ ಈ ಹಗ್ಗದ ಬಳಕೆ ಕಡ್ಡಾಯವಾಗಿದೆ. ನಮ್ಮ ಹಿನ್ನೀರಿನಲ್ಲಿ ಬೊಡ್ಡೆಗೆ ಬಡಿದ ದೋಣಿಯಿಂದ ಹಿಂದೆ ಕುಳಿತವನು ಹಾರಿ ಬೀಳುವುದು ಕ್ಷಣದ ಮಾತು. ಆ ಹಗ್ಗವನ್ನು ನಿಷ್ಕ್ರಿಯಗೊಳಿಸುವುದನ್ನು ರಿಪೇರಿ ಎಂದು ಕರೆಯಲು ನನ್ನ ನಾಲಿಗೆ ಏಳುವುದಿಲ್ಲ.

ಪೆಟ್ರೋಲ್ ಕಡೆಯ ಅನುಮಾನ ಪರಿಹರಿಸಿಕೊಳ್ಳಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಟ್ಯಾಂಕಿನ ಮುಚ್ಚಳದ ಗಾಳಿತಿರುಪು ತೆರೆದಿತ್ತು, ಪೈಪಿನ ನಡುವಿನ ರಬ್ಬರ್ ಬಲ್ಬು ಗಟ್ಟಿಯಾಗಿತ್ತು. ಗಾಜಿನ ಬಾಟಲಿಗೆ ಪೆಟ್ರೋಲ್ ಸುರಿದು ಇಟ್ಟರೆ ತಳದಲ್ಲಿ ನೀರು ಬೇರ್ಪಡಲಿಲ್ಲ. ಎಥನಾಲ್ ಬೆರೆತ ಈಗಿನ ಪೆಟ್ರೋಲ್ ನಮ್ಮ ಮಳೆಗಾಲದ ತೇವವನ್ನು ಹೀರಿಕೊಳ್ಳುವುದರಿಂದ ಈ ಕೊನೆಯ ಪರೀಕ್ಷೆಯನ್ನು ಬಿಡಬಾರದು. ಆಮೇಲೆ ಪ್ಲಗ್ ಮತ್ತು ಅದರ ಟೊಪ್ಪಿಯ ನಡುವೆ ಕಿಡಿ ತೋರಿಸುವ ಪುಟ್ಟ ದೀಪದ ಟೆಸ್ಟರ್ ಸೇರಿಸಿ ಓಡಿಸಿದೆ. ಎಂಜಿನ್ ಸಾಯುವಾಗ ಅದರೊಳಗಿನ ಚಕ್ರ ಇನ್ನೂ ತಿರುಗುತ್ತಿರುವಂತೆಯೇ ದೀಪ ಆರಿತು. ಕಿಡಿಯೇ ಹೋಗುತ್ತಿದೆ ಎಂಬುದು ಖಚಿತವಾಯಿತು.

ಈಗ ಸ್ವಿಚ್ಚಿನ ಸರದಿ. ಬಿಳಿ ಮತ್ತು ಕಪ್ಪು ವೈರುಗಳ ಜಂಟಿ ಬಿಡಿಸಿ, ಸ್ವಿಚ್ ಕಡೆಯ ತುದಿಗಳಿಗೆ, ಸಂಪರ್ಕ ಕೂಡಿದರೆ ಕೂಗುವಂತಿಟ್ಟ ಮಲ್ಟಿಮೀಟರ್ ಹಿಡಿದೆ. ಕ್ಲಿಪ್ ತೆಗೆದರೆ ಬೀಪ್, ಹಾಕಿದರೆ ಮೌನ. ಇಷ್ಟಕ್ಕೇ ಸ್ವಿಚ್ ಸರಿಯಿದೆ ಎಂದು ಎದ್ದುಬಿಡಬಾರದು. ಎಂಜಿನ್ ಅದುರುತ್ತದೆ, ಹಗ್ಗ ಜಗ್ಗುತ್ತದೆ, ಟಿಲ್ಲರ್ ಏಳುತ್ತದೆ, ಇಳಿಯುತ್ತದೆ. ಅದನ್ನೆಲ್ಲ ಕೈಯಿಂದ ಮಾಡಿ ನೋಡಬೇಕು. ಟಿಲ್ಲರನ್ನು ಮೇಲೆ ಕೆಳಗೆ ಆಡಿಸಿ ಅದು ಮಡಚುವ ಜಾಗದಲ್ಲಿ ವೈರಿನ ಹೊದಿಕೆ ಸವೆದಿದೆಯೇ ನೋಡಿದೆ, ಸವೆದಿರಲಿಲ್ಲ. ಕ್ಲಿಪ್ ಹಾಕಿ ಅದರ ಹಗ್ಗವನ್ನು ಓರೆಯಾಗಿ ಜಗ್ಗಿದಾಗ ಮೀಟರ್ ಕ್ಷಣಕಾಲ ಕೂಗಿತು. ಕ್ಲಿಪ್ಪಿನ ಎರಡು ಕಾಲುಗಳು ಸವೆದು ತೆಳ್ಳಗಾಗಿದ್ದವು. ಗುಂಡಿಯನ್ನು ಪೂರ್ತಿ ಎತ್ತಿ ಹಿಡಿಯುವ ದಪ್ಪ ಅವುಗಳಿಗೆ ಉಳಿದಿರಲಿಲ್ಲ. ನನ್ನ ಮಾದರಿಗೆ ಹೊಂದುವ ಹೊಸ ಕ್ಲಿಪ್ ತರಿಸಿ ಹಾಕಿದೆ.

ಬಿಸಿಲಿದ್ದ ದಿನ ಎಂಜಿನ್ ಒಮ್ಮೆಯೂ ನಿಲ್ಲಲಿಲ್ಲ. ಜಡಿಮಳೆ ಹಿಡಿದ ದಿನ ಮತ್ತೆ ನಿಂತಿತು. ಎರಡು ದೋಷಗಳು ಜೊತೆಯಲ್ಲಿ ಕುಳಿತಿದ್ದವು! ಕ್ಲಿಪ್ ಹಾಕಿ ಏನು ಮಾಡಿದರೂ ಮೀಟರ್ ಈಗ ಕೂಗುತ್ತಿರಲಿಲ್ಲ.

ಇಲ್ಲಿ ಬಹಳ ಮಂದಿ ಸ್ವಿಚ್ಚಿನ ಕೈಬಿಟ್ಟು ಇಗ್ನಿಷನ್ ಪೆಟ್ಟಿಗೆಗೆ ದುಡ್ಡು ಸುರಿಯುತ್ತಾರೆ. ಮಲ್ಟಿಮೀಟರ್ ಪರೀಕ್ಷಿಸುವುದು ಕೆಲವೇ ವೋಲ್ಟಿನಲ್ಲಿ. ಎಂಜಿನ್ ಓಡುವಾಗ ಆ ಬಿಳಿ ವೈರಿನಲ್ಲಿ ನೂರಕ್ಕೂ ಮೀರಿದ ವೋಲ್ಟ್ ಇರಬಹುದು. ಕಡಿಮೆ ವೋಲ್ಟಿಗೆ ದಾಟಲಾಗದ ತೇವದ ಪೊರೆಯನ್ನು ಹೆಚ್ಚಿನ ವೋಲ್ಟ್ ದಾಟಿ ಅರ್ತ್‌ಗೆ ಸೋರುತ್ತದೆ. ಅದಕ್ಕೆ ಬೇರೆ ಪರೀಕ್ಷೆ ಬೇಕು. ದೋಣಿಯನ್ನು ದಡದಲ್ಲಿ ಎರಡೂ ಕಡೆ ಬಿಗಿಯಾಗಿ ಕಟ್ಟಿ, ಪ್ರೊಪೆಲ್ಲರ್ ನೀರಿನಲ್ಲೇ ಇರುವಂತೆ ನ್ಯೂಟ್ರಲ್‌ನಲ್ಲಿಟ್ಟು, ಬಿಳಿ ವೈರನ್ನು ಎಂಜಿನ್ ಮುಚ್ಚಳದೊಳಗೇ ಬಿಡಿಸಿ ತುದಿಗೆ ಟೇಪ್ ಸುತ್ತಿದೆ. ಹೀಗೆ ಮಾಡಿದಾಗ ಗುಂಡಿ ಒತ್ತಿದರೂ ಎಂಜಿನ್ ನಿಲ್ಲುವುದಿಲ್ಲ. ಚೋಕ್ ಎಳೆದೋ ಪೆಟ್ರೋಲ್ ಪೈಪ್ ಕಳಚಿಯೋ ನಿಲ್ಲಿಸಬೇಕು, ಅದಕ್ಕೆ ಜೊತೆಗೊಬ್ಬರು ಇರಲೇಬೇಕು. ಈ ಸ್ಥಿತಿಯಲ್ಲಿ ದಡ ಬಿಟ್ಟು ಹೊರಡುವ ಯೋಚನೆಯನ್ನೂ ಮಾಡಬಾರದು. ಸ್ವಿಚ್ ಕಡೆಯ ಜಂಟಿಗಳ ಮೇಲೆ ನೀರು ಚಿಮುಕಿಸಿದೆ, ಎಂಜಿನ್ ನಿಲ್ಲದೆ ಓಡಿತು. ವೈರು ಜೋಡಿಸಿ ಮತ್ತೆ ಚಿಮುಕಿಸಿದೆ, ಕೂಡಲೇ ಸತ್ತಿತು.

ಟಿಲ್ಲರಿನ ಬುಡದಲ್ಲಿ ಬಿಳಿ, ಕಪ್ಪು ವೈರುಗಳ ಎರಡು ಬುಲೆಟ್ ಜಂಟಿಗಳು (ತುದಿಗಳನ್ನು ಒಂದರೊಳಗೊಂದು ಸಿಕ್ಕಿಸುವ ಬಗೆ) ಒಂದಕ್ಕೊಂದು ಅಂಟಿಕೊಂಡು ಒಂದೇ ಹೊದಿಕೆಯ ತೋಳಿನೊಳಗಿದ್ದವು. ತೋಳು ಸರಿಸಿದರೆ ಒಳಗೆಲ್ಲ ನೀಲಿ-ಹಸಿರು ಹಕ್ಕಳೆ. ಸಿಹಿನೀರಿನಲ್ಲಿ ಇಷ್ಟು ತುಕ್ಕು ಬರಲು ಕಾರಣ ಮೈಲುತುತ್ತವೇ ಎಂದು ನನಗನ್ನಿಸುತ್ತದೆ. ಅದರ ಡಬ್ಬಗಳು ಎಂಜಿನ್ ಪಕ್ಕದಲ್ಲೇ ಇರುತ್ತಿದ್ದವು, ತುಳುಕಿದ್ದು ಅಲ್ಲಿಗೇ ಹರಿಯುತ್ತಿತ್ತು. ಆ ಲವಣ ನೆನೆದರೆ ವಿದ್ಯುತ್ತಿಗೆ ಸಲೀಸಾದ ಸೇತುವೆ.

ಜಂಟಿಗಳನ್ನು ಉಜ್ಜಿ ಮತ್ತೆ ಸಿಕ್ಕಿಸುವುದರಲ್ಲಿ ನನಗೆ ನಂಬಿಕೆಯಿಲ್ಲ. ತಾಮ್ರ ಹೊಳೆಯುವವರೆಗೆ ವೈರು ಕತ್ತರಿಸಿ, ತವರ ಲೇಪಿಸಿದ ಹೊಸ ತುದಿಗಳನ್ನು ಒತ್ತಿ ಕೂಡಿಸಿ, ವಿದ್ಯುತ್ ಹರಿಯಗೊಡದ ಡೈಎಲೆಕ್ಟ್ರಿಕ್ ಗ್ರೀಸ್ ಹಚ್ಚಿ, ಒಳಮೈಗೆ ಅಂಟು ಬಳಿದಿರುವ, ಬಿಸಿ ಮಾಡಿದರೆ ಕುಗ್ಗಿ ಬಿಗಿಯಾಗುವ ಹೀಟ್ ಶ್ರಿಂಕ್ ತೋಳನ್ನು ಪ್ರತಿಯೊಂದಕ್ಕೂ ಬೇರೆ ಬೇರೆಯಾಗಿ ಹಾಕಿದೆ. ಎರಡು ಜಂಟಿಗಳನ್ನೂ ಹಿಂದೆ ಮುಂದೆ ಸರಿಸಿ ಒಂದರ ಪಕ್ಕದಲ್ಲಿ ಇನ್ನೊಂದು ಬಾರದಂತೆ ನೋಡಿಕೊಂಡೆ. ವೈರನ್ನು ಕೆಳಗೆ ಜೋಲುವಂತೆ ಬಿಟ್ಟದ್ದರಿಂದ ಮಳೆನೀರು ಜಂಟಿಗೆ ಬಾರದೆ ತೊಟ್ಟಿಕ್ಕಿ ಬೀಳುತ್ತದೆ. ಮೈಲುತುತ್ತ ಈಗ ಮುಚ್ಚಳವಿರುವ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ದೋಣಿಯ ಮೂತಿಯ ಕಡೆ ಕೂರುತ್ತದೆ. ಒಂದು ಎಚ್ಚರಿಕೆ: ಪರೀಕ್ಷೆಯ ಹುಮ್ಮಸ್ಸಿನಲ್ಲಿ ಈ ಬಿಳಿ ವೈರಿಗೆ ಬ್ಯಾಟರಿಯ 12 ವೋಲ್ಟ್ ತಾಗಿಸಬೇಡಿ, ಇಗ್ನಿಷನ್ ಪೆಟ್ಟಿಗೆ ಸುಟ್ಟುಹೋಗಬಹುದು.

ಹೊರಡುವ ಮೊದಲು ದಡದಲ್ಲೇ ಎಂಜಿನ್ ಓಡಿಸಿ ಕ್ಲಿಪ್ಪಿನ ಹಗ್ಗ ಎಳೆದು ನಿಲ್ಲಿಸಿ ನೋಡುತ್ತೇನೆ. ಗುಂಡಿ ಒತ್ತಿ ಅಲ್ಲ, ಹಗ್ಗ ಎಳೆದೇ. ಹಗ್ಗದ ತುದಿಯನ್ನು ಲೈಫ್ ಜಾಕೆಟ್ಟಿನ ಗಟ್ಟಿ ಪಟ್ಟಿಗೆ ಸಿಕ್ಕಿಸುತ್ತೇನೆ. ಇನ್ನೊಂದು ಕ್ಲಿಪ್ ಆಳುಗಳು ಕೂರುವ ಹಲಗೆಯ ಕೆಳಗೆ ಕಟ್ಟಿದೆ. ನಾನು ನೀರಿಗೆ ಬಿದ್ದರೆ ಮೊದಲ ಕ್ಲಿಪ್ ನನ್ನ ಜೊತೆಗೇ ಹೋಗಿರುತ್ತದೆ, ಅದಿಲ್ಲದೆ ಉಳಿದವರು ಎಂಜಿನ್ ಹಚ್ಚಿ ನನ್ನನ್ನು ಎತ್ತಲು ಬರುವಂತಿಲ್ಲ. ಅದನ್ನು ಗುಂಡಿಯ ಕೆಳಗೆ ಸಿಕ್ಕಿಸುವುದು ಹೇಗೆಂದು ದೋಣಿ ಹತ್ತುವ ಪ್ರತಿಯೊಬ್ಬರಿಗೂ ಕೈ ಹಿಡಿದು ಮಾಡಿಸಿ ತೋರಿಸುತ್ತೇನೆ.